ಎಡಮಂಡಿಯ ಪಾಲು

ಹದಿನೆಂಟು ವರ್ಷ ಸಿಟಿ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಟ್ಟವಳು ನಾನು. ಒಂದು ಮಳೆಗಾಲದಲ್ಲಿ ಫುಟ್‌ಬೋರ್ಡಿನಿಂದ ಜಾರಿ ಬಿದ್ದು ಎಡಮಂಡಿಗೆ ಆಪರೇಷನ್ ಆಯಿತು. ಆರು ತಿಂಗಳಾದರೂ ಕುಂಟು ಹೋಗಲಿಲ್ಲ. ಡಿಪೋದ ಸಾಹೇಬರು, "ಹೆಂಗಸ್ರ ಮಂಡಿ ಕಣಮ್ಮ, ಒಂದ್ಸಲ ಹೋದ್ರೆ ಹೋಯ್ತು. ಆಫೀಸಲ್ಲೇ ಕೂತ್ಬುಡು," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಫೈಲು ಜೋಡಿಸಿಕೊಂಡು ಕೂರುವ ಜೀವವೇ ಇದು? ಜಗಳವಾಡಿದೆ. ಎರಡೂ ಕಾಲು ಸಮನಾಗಿ ಭಾರ ಹೊರುತ್ತವೆಂದು ಡಾಕ್ಟರ ಹತ್ತಿರ ಬರೆಸಿಕೊಂಡು ಬಂದರೆ ಬಸ್ಸು, ಇಲ್ಲದಿದ್ದರೆ ಕಾಯಂ ಮೇಜು ಎಂದು ತೀರ್ಮಾನವಾಯಿತು.

ಜಯಲಕ್ಷ್ಮಿಪುರಂ ಕಡೆ ನಡಿಗೆ ಅಳೆಯುವ ಕೋಣೆಯೊಂದಿತ್ತು. ನೆಲದಲ್ಲಿ ಹುದುಗಿಸಿದ ಪ್ಲೇಟಿನ ಮೇಲೆ ಕಾಲಿಟ್ಟರೆ ಯಾವ ಮಂಡಿಗೆ ಎಷ್ಟು ಭಾರವೆಂದು ಕಂಪ್ಯೂಟರಿನಲ್ಲಿ ಗೆರೆ ಮೂಡುತ್ತದೆ. ನಾನು ನಡೆದೆ, ಗೆರೆಯಿಲ್ಲ. ಮತ್ತೆ ನಡೆದೆ, ಆಗಲೂ ಇಲ್ಲ. ಐದನೇ ಸಲಕ್ಕೆ ಅಲ್ಲಿನ ಚಿಕ್ಕ ಪ್ರಾಯದ ಡಾಕ್ಟರಮ್ಮ, "ಆಂಟಿ, ಯಾಕೆ ಪ್ಲೇಟ್ ದಾಟ್ಕೊಂಡು ಹೋಗ್ತಿದೀರಾ?" ಎಂದರು. ಅಂಚಿಗೆ ಅಂಟಿಸಿದ್ದ ಹಳದಿ ಪಟ್ಟಿ ನನಗೆ ಅರಿಶಿನ ಬಳಿದ ಹೊಸಿಲಿನ ಹಾಗೆ ಕಂಡಿತ್ತು! ಹೊಸಿಲು ತುಳಿದರೆ ನಮ್ಮಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ಕಾರಣ ಹೇಳಿದ್ದೇ ತಡ, ಡಾಕ್ಟರಮ್ಮ ಬಿದ್ದೂ ಬಿದ್ದೂ ನಕ್ಕರು, ಆಮೇಲೆ ಪಟ್ಟಿಯನ್ನೇ ಕಿತ್ತರು.

ಈಗ ಗೆರೆ ಮೂಡಿತು. ಬಲಗಾಲೊಂದೇ ದುಡಿಯುತ್ತಿತ್ತು, ಎಡಗಾಲು ಶುದ್ಧ ಮೈಗಳ್ಳ. "ಹಂಗಾದ್ರೆ ಹೆಂಗಸ್ರ ಮಂಡಿ ಒಂದ್ಸಲ ಹೋದ್ರೆ ಹೋಯ್ತು ಅಂತ ನಮ್ಮ ಸಾಹೇಬ್ರು ಹೇಳಿದ್ದೇ ನಿಜವಾ?" ಎಂದು ಕೇಳಿದೆ.

"ಯಾರು ಹೇಳಿದ್ದು? ಗಂಡಸ್ರ ಮಂಡಿಗೂ ಹೆಂಗಸ್ರ ಮಂಡಿಗೂ ಭಾರ ಬೀಳೋ ರೀತೀಲಿ ವ್ಯತ್ಯಾಸ ಇರ್ಬೋದು. ಅದೇನು ಕಾಯಿಲೆ ಅಲ್ಲ. ನಿಮ್ಮ ಎಡಗಾಲು ನಿಮ್ಮ ಬಲಗಾಲಿಗೆ ಸಮ ಆಗ್ಬೇಕು, ಯಾವ ಗಂಡಸಿಗೂ ಅಲ್ಲ."

ಅವರ ಕೆನ್ನೆ ಹಿಡಿದು ಮುತ್ತಿಡಬೇಕೆನಿಸಿತು.

ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ನಾಲ್ಕು ತಿಂಗಳು ಸಿದ್ಧಾರ್ಥನಗರದ ನಮ್ಮ ಮನೆಯ ಮಹಡಿ ಮೆಟ್ಟಿಲನ್ನು ಎಡಗಾಲು ಮುಂದಿಟ್ಟೇ ಹತ್ತಿದೆ. ನೋವಿಗೆ ಕಣ್ಣಲ್ಲಿ ನೀರು ಬಂದಾಗ ಯಜಮಾನರು, "ಸಾಕು ಬುಡೇ, ಆಫೀಸಾದ್ರೇನು ಕಷ್ಟ?" ಎನ್ನುವರು. "ನೀವು ಹೋಗಿ ಕಾಫಿ ಮಾಡ್ರೀ," ಎಂದು ಗದರಿಸುತ್ತಿದ್ದೆ. ಪಾಪ, ಮಾಡಿಕೊಂಡೇ ಬರುತ್ತಿದ್ದರು.

ಮತ್ತೆ ಅಳೆದ ದಿನ ಎರಡೂ ಗೆರೆಗಳು ಒಂದರ ಮೇಲೊಂದು ಕೂತವು. "ಗೆದ್ಬುಟ್ರಿ ಆಂಟಿ!" ಎಂದು ಡಾಕ್ಟರಮ್ಮ ಕಿರುಚಿದರು. ನಾನು ಗೊಳೋ ಎಂದು ಅತ್ತೆ.

ಡಾಕ್ಟರಮ್ಮ ಬರೆದುಕೊಟ್ಟ ಕಾಗದವನ್ನು ಸಾಹೇಬರು ಎರಡು ಸಲ ಓದಿ ಸಹಿ ಹಾಕಿದರು. ಮೊದಲ ದಿನವೇ ಮಂಡಕಳ್ಳಿ ಬಸ್ಸು. ಹೆಂಗಸರಿಗೆ ಫ್ರೀ ಆದಾಗಿನಿಂದ ಕಾಲಿಡಲೂ ಜಾಗವಿರುವುದಿಲ್ಲ. ಡ್ರೈವರಣ್ಣ ನನ್ನ ಸೀಟಿನ ಮೇಲೆ ದಿಂಬು ಹಾಸಿಟ್ಟು, "ಕೂತ್ಕಳಿ ಅಕ್ಕ, ಇವತ್ತೊಂದಿನ," ಎಂದ. ಅಲ್ಲಿ ಒಬ್ಬ ಬಸುರಿ ಹೆಂಗಸನ್ನು ಕೂರಿಸಿದೆ. ಕಂಬಿ ಹಿಡಿಯದೆ ಎರಡೂ ಕಾಲೂರಿ ನಿಂತು, ಹಿಂದಿನ ಸೀಟಿಗೂ ಕೇಳುವ ಹಾಗೆ ಕೂಗಿದೆ:

"ಟಿಕೆಟ್ ತಗೊಳ್ರೀ, ಟಿಕೆಟ್!"