ಗಾಳಿ ಮಿಷನ್ನಿನ ಬಾಯಿಗೆ ಗಂಧ

ತಂಗಿಯ ಮಗಳು ಹೊಸದಾಗಿ ಕಾರು ಕೊಂಡಿದ್ದಾಳೆ. ಕಾರಿನಲ್ಲಿ ಇಟ್ಟುಕೊಳ್ಳಲು ಟೈರಿಗೆ ಗಾಳಿ ತುಂಬುವ ಪುಟ್ಟ ಮಿಷನ್ನು ಬೇಕೆಂದು ಎರಡು ಬಗೆಯದನ್ನು ತರಿಸಿ, ಇವತ್ತು ಬೆಳಿಗ್ಗೆ ನನ್ನ ಟೀಪಾಯಿಯ ಮೇಲೆ ಕೂರಿಸಿದಳು. "ದೊಡ್ಡಮ್ಮ, ಒಂದನ್ನ ವಾಪಸ್ ಕಳಿಸ್ಬೇಕು. ಯಾವುದು ಇಟ್ಕೊಳ್ಲಿ, ನೀವೇ ಹೇಳಿ" ಎಂದಳು. ಈ ವಿಷಯದಲ್ಲಿ ನಾನು ಅನುಭವಸ್ಥೆ ಎಂದು ಅವಳ ತಲೆಗೆ ಯಾರು ತುಂಬಿದರೋ ಕಾಣೆ. ಮರ್ಯಾದೆ ಉಳಿಸಿಕೊಳ್ಳೋಣವೆಂದು ಅಟ್ಟದಿಂದ ನನ್ನ ಹಳೆಯದನ್ನು ಇಳಿಸಿ ಡಬ್ಬ ತೆರೆದೆ. ರಬ್ಬರಿನ ವಾಸನೆಯ ಹಿಂದೆಯೇ, ನಂಬಿದರೆ ನಂಬಿ, ಸಣ್ಣಗೆ ಗಂಧದ ವಾಸನೆಯೂ ಬಂತು. ಕೊಳವೆಗೆ ಸುತ್ತಿದ್ದ ಹೂವಿನ ದಾರದಲ್ಲಿ ತುಕ್ಕು ಹಿಡಿದ ಒಂದು ಪಿನ್ನು ಹಾಗೇ ಇತ್ತು.

ಎರಡು ಸಾವಿರದ ಇಸವಿ ಹುಟ್ಟಿದ ಹೊಸತು. ಮನೆ ಅರಸೀಕೆರೆಯಲ್ಲಿ, ನನ್ನ ಶಾಲೆ ಹಳೇಬೀಡಿನಲ್ಲಿ. ಬಸ್ಸಿಗೆ ಹೋದರೆ ಜಾವಗಲ್ಲಿನಲ್ಲಿ ಇಳಿದು ಇನ್ನೊಂದಕ್ಕೆ ಕಾಯಬೇಕು. ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮಾಸ್ಟರ ಕಣ್ಣು ತಪ್ಪಿಸಿ ತರಗತಿಗೆ ನುಸುಳಬೇಕು. ಹಾಗೆಂದು ಹೇಳಿಯೇ ಸೆಕೆಂಡ್ ಹ್ಯಾಂಡ್ ಕಾರು ತೆಗೆಸಿದ್ದೆ. ನಿಜ ಹೇಳಬೇಕೆಂದರೆ ಅದಷ್ಟೇ ಕಾರಣವಲ್ಲ. ಆ ಕಾರಿನಲ್ಲಿ ಕೂತಾಗ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳುವವರಿಲ್ಲ, ಲೆಸನ್ ಪ್ಲಾನ್ ಎಲ್ಲಿ ಎಂದು ಕೇಳುವವರಿಲ್ಲ. ತೆಂಗಿನ ತೋಟಗಳ ನಡುವೆ ನಾನೊಬ್ಬಳೇ ಗಟ್ಟಿಯಾಗಿ, ಶ್ರುತಿ ತಪ್ಪಿ, ಹಾಡಿಕೊಂಡು ಹೋಗುತ್ತಿದ್ದೆ. ಆ ಹೊತ್ತು ನನಗೆ ಬೇಕಾಗಿತ್ತು, ಅಷ್ಟೆ.

ಒಂದು ಸಂಜೆ ಜಾವಗಲ್ ದಾರಿಯಲ್ಲಿ ಟೈರು ಕೂತಿತು. ಸ್ಟೆಪ್ನಿ ಇತ್ತು, ಆದರೆ ಟೈರಿನ ನಟ್ಟುಗಳನ್ನು ಯಾವ ಪುಣ್ಯಾತ್ಮ ಬಿಗಿದಿದ್ದನೋ, ಪಾನೆಯ ಮೇಲೆ ನಿಂತು ಕುಣಿದರೂ ಜಗ್ಗಲಿಲ್ಲ. ಕೊನೆಗೆ ಅರಸೀಕೆರೆಯ ಮಾರುಕಟ್ಟೆಗೆ ತೆಂಗಿನಕಾಯಿ ಹೊತ್ತು ಹೊರಟಿದ್ದ ಟ್ರಾಕ್ಟರು ನಿಂತಿತು. ಕಾಯಿಯ ರಾಶಿಯ ಮೇಲೆ ಕೂತು, ವ್ಯಾನಿಟಿ ಬ್ಯಾಗು ತಬ್ಬಿಕೊಂಡು ಬಂದು, ಬೀದಿಯವರೆಲ್ಲ ನೋಡುವಂತೆ ಮನೆಯ ಮುಂದೆ ಇಳಿದೆ. ನನ್ನತ್ತೆ ಬಾಗಿಲಲ್ಲೇ ನಿಂತಿದ್ದರು.

"ಇನ್ನೊಂದ್ ದಪ ಹಿಂಗ್ ದಾರೀಲಿ ನಿಂತ್ಯೋ, ಬೀಗದ ಕೈ ತಂದು ನನ್ ಕೈಗ್ ಕೊಡು. ಬಸ್ಸೈತೆ, ಬಸ್ಸಲ್ ಓಗು" ಎಂದರು. ಅವರು ಆಡಿದ ಮಾತಿಗೆ ಮನೆಯಲ್ಲಿ ಎದುರು ಇರಲಿಲ್ಲ. ನನ್ನ ಯಜಮಾನರು ಪೇಪರಿನ ಹಿಂದಿನಿಂದ, "ಕಾರಲ್ಲೊಂದು ಗಾಳಿ ಮಿಷನ್ ಇಟ್ಕೋ. ಸ್ವಲ್ಪ ಇಳಿದಾಗ್ಲೇ ತುಂಬ್ಕೊಂಡು ಬಂದುಬಿಡಬಹುದು" ಎಂದರು. ಹೇಳಿದವರು ಅವರು, ಹುಡುಕಬೇಕಾದವಳು ನಾನು.

ಸ್ಪೇರ್ ಪಾರ್ಟ್ಸ್ ಅಂಗಡಿಯವರು ಗಾಜಿನ ಮೇಲೆ ಮೂರನ್ನು ಇಟ್ಟರು. ಒಂದು ಕಾಲಲ್ಲಿ ತುಳಿಯುವ ಪಂಪು. ಇನ್ನೊಂದಕ್ಕೆ ಬೆರಳುದ್ದದ ಪ್ಲಗ್ಗು. ಮತ್ತೊಂದಕ್ಕೆ ಮೊಸಳೆಯ ಹಾಗೆ ಬಾಯಿ ತೆರೆಯುವ ಕೆಂಪು, ಕಪ್ಪು ಕ್ಲಿಪ್ಪು.

"ನಿಮ್ ಗಾಡೀಲಿ ಲೈಟರ್ ಐತಾ ಮೇಡಂ? ಸಿಗರೇಟ್ ಹಚ್ಕೊಳೋದು?"

"ನಮ್ಮನೇಲಿ ಯಾರೂ ಸೇದಲ್ಲ!" ಎಂದೆ, ಮುಖ ಗಂಟಿಕ್ಕಿ.

ಅವರು ನಗದೆ, ಆ ತೂತಿಗೇ ಪ್ಲಗ್ಗು ಸಿಕ್ಕಿಸಬೇಕೆಂದು ಹೇಳಿದರು. ತೂತು ಇದೆಯೇ ಇಲ್ಲವೇ ಎಂದು ಹೊರಗೆ ಹೋಗಿ ನೋಡಿ ಬಂದೆ. ಇತ್ತು, ಅದಕ್ಕೆ ಜೀವವಿದೆಯೇ ಗೊತ್ತಾಗಲಿಲ್ಲ. ಯಾವುದು ಒಳ್ಳೆಯದು ಎಂದರೆ, "ಕೆಲವ್ರು ಇದನ್ನ ತಗೋತಾರೆ, ಕೆಲವ್ರು ಅದನ್ನ ತಗೋತಾರೆ" ಎಂದರು. ಡಯಲ್ಲಿನ ಮೇಲೆ ಎರಡು ಸಾಲು ಅಂಕಿ. ಒಳಸಾಲು ನೋಡಬೇಕೋ ಹೊರಸಾಲೋ? ಎಂಟನೇ ತರಗತಿಗೆ ವಾಯುಭಾರ ಪಾಠ ಮಾಡುವವಳು ನಾನು, ಕೇಳಲು ನಾಚಿಕೆಯಾಯಿತು. ಸೀರೆ ಆರಿಸುವಾಗಲೂ ನಾನು ಇಷ್ಟು ಒದ್ದಾಡಿದವಳಲ್ಲ. ಕಡೆಗೆ ಕ್ಲಿಪ್ಪಿನದು ನೇರ ಬ್ಯಾಟರಿಗೆ ಕಚ್ಚುತ್ತದೆ, ತೂತಿನ ಗೊಡವೆಯಿಲ್ಲ ಎಂದು ಅದನ್ನೇ ತಂದೆ. ತಂದ ಮೇಲೂ ಕಾಲಿನದೇ ವಾಸಿಯಿತ್ತೇನೋ ಎಂಬ ಕೊರೆತ ಹೋಗಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೂಜೆಯಾಗದ ಹೊಸ ಸಾಮಾನನ್ನು ಅತ್ತೆ ಮುಟ್ಟಲು ಬಿಡುತ್ತಿರಲಿಲ್ಲ. ಕತ್ತಿ, ಕುಡುಗೋಲು, ಈಳಿಗೆಮಣೆಯ ಪಕ್ಕ ನನ್ನ ಮಿಷನ್ನೂ ಸೇವಂತಿಗೆ ಹಾಕಿಕೊಂಡು ಕೂತಿತು. ಮರುದಿನ ಅದನ್ನು ಡಿಕ್ಕಿಗೆ ಸೇರಿಸಿದೆ.

ಹಬ್ಬ ಕಳೆದ ಭಾನುವಾರ ಅತ್ತೆಗೆ ಬೇಲೂರಿನಲ್ಲಿದ್ದ ತಮ್ಮ ಅಕ್ಕನನ್ನು ನೋಡುವ ಮನಸ್ಸಾಯಿತು. "ಕಾರಲ್ಲೇ ಓಗನ" ಎಂದರು. ಬಸ್ಸೈತೆ ಎಂದವರು ಇವರೇ ತಾನೇ? ನನ್ನನ್ನು ಪರೀಕ್ಷೆ ಮಾಡಲು ಹೊರಟಿದ್ದಾರೋ, ನಿಜವಾಗಿ ಕಾರೇ ಬೇಕೋ, ತಿಳಿಯದೆ ಸ್ಟೀರಿಂಗ್ ಹಿಡಿದೆ. ಆವತ್ತು ನಾನು ಹಾಡಲಿಲ್ಲ.

ಹಳೇಬೀಡು ಹಿಂದಾಗಿ ಸ್ವಲ್ಪ ದೂರ ಹೋಗಿರಬಹುದು, ಕಾರು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಟೈರು ಮುಕ್ಕಾಲು ಕೂತಿದೆ. ಬಾನೆಟ್ ಎತ್ತಿ ಕ್ಲಿಪ್ಪು ಕಚ್ಚಿಸಿ, ಕೊಳವೆ ಸಿಕ್ಕಿಸಿ, ಗುಂಡಿ ಒತ್ತಿದೆ. ಮಿಷನ್ನು ಊರಿಗೇ ಕೇಳುವಂತೆ ಗರಗರ ಎಂದಿತು. ಡಯಲ್ಲಿನ ಮುಳ್ಳು ಸರ್ರನೆ ಕೊನೆ ಮುಟ್ಟಿತು. ಟೈರು ಮಾತ್ರ ಕೂತಲ್ಲೇ ಕೂತಿತ್ತು. ಮುಳ್ಳಿನ ಪ್ರಕಾರ ಗಾಳಿ ತುಂಬಿ ಹೋಗಿದೆ, ಕಣ್ಣಿನ ಪ್ರಕಾರ ಒಂದು ಗುಟುಕೂ ಇಲ್ಲ. ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಕಾಲಿನ ಪಂಪು ಕೊಳ್ಳಬೇಕಿತ್ತು ಎಂದು ಬಾಯಿಬಿಟ್ಟೇ ಹೇಳಿಕೊಂಡೆ. ಅಳು ಬಂದುಬಿಟ್ಟಿತು.

ಅತ್ತೆ ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ತುದಿಯನ್ನು ಬಿಸಿಲಿಗೆ ಹಿಡಿದರು. ಒಳಗೆ ಹಳದಿಗೆ, ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು.

"ಗಂದ" ಎಂದರು. ಉಗುರಿನಿಂದ ಅದನ್ನು ಕೆರೆದು ನೋಡಿ, "ನಾನೇ ಅಚ್ಚಿದ್ದು. ಗಾಳಿ ಬರೋದು ಬಾಯಿಂದ ಅಲ್ವಾ, ಅದಕ್ಕೇ ಪೂಜೆ ಆಗ್ಬೇಕು ಅಂತ ಒಂದ್ ಬೆರಳು ಒಳ್ಗೂ ಇಟ್ಟೆ. ನೀನು ದಾರೀಲಿ ನಿಲ್ಲಬಾರ್ದು ಅಂತ" ಎಂದರು.

ಆಮೇಲೆ ಅವರು ಬಳೆಗೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ, ದಾರಿ ಬದಿಯ ಕಲ್ಲಿನ ಮೇಲೆ ಕೂತು, ಗಂಧವನ್ನು ಚೂರುಚೂರಾಗಿ ಕೆದಕಿ, ಉಫ್ ಎಂದು ಊದಿದರು. "ಈಗ ಆಕು." ಹಾಕಿದೆ. ಟೈರು ನಿಧಾನಕ್ಕೆ ಎದ್ದಿತು. ಇಬ್ಬರೂ ಬಗ್ಗಿ ಅದನ್ನೇ ನೋಡುತ್ತಾ ನಿಂತೆವು.

ಮಾತು ಮಾತೇ ಎಂದು ನಾನು ಬೀಗದ ಕೈಯನ್ನು ಅವರತ್ತ ಚಾಚಿದೆ. ದಾರಿಯಲ್ಲಿ ನಿಂತದ್ದಂತೂ ನಿಜ.

"ನಂಗ್ಯಾಕವ್ವ? ನಾನೇನ್ ಓಡಿಸ್ಲಾ? ಗಾಡಿ ಅತ್ತು, ಅಕ್ಕ ಕಾಯ್ತಿರ್ತಾಳೆ."

ಬೇಲೂರಿನಲ್ಲಿ ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಹೇಳಿದರು: "ದಾರೀಲಿ ಗಾಳಿ ಇಳೀತು ಕಣಕ್ಕ. ನನ್ ಸೊಸೆ ಒಬ್ಳೇ ತುಂಬಿದ್ಲು." ಗಂಧದ ಸುದ್ದಿ ಇಲ್ಲ, ಪಿನ್ನಿನ ಸುದ್ದಿಯೂ ಇಲ್ಲ. ನಾನು ಬಾಯಿ ತೆರೆದರೆ ಮೊಣಕೈಯಿಂದ ತಿವಿದರು. ಮನೆಗೆ ಬಂದು ನೋಡುತ್ತೇನೆ, ಆ ಪಿನ್ನು ಮಿಷನ್ನಿನ ದಾರದಲ್ಲಿತ್ತು. ಯಾವಾಗ ಸಿಕ್ಕಿಸಿದರೋ. ಬೀಗದ ಕೈಯ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಅವರಿಗೆ ನಾನು ಕಾರು ಓಡಿಸುವುದು ಇಷ್ಟವಿತ್ತೋ, ನನ್ನ ಬಗ್ಗೆ ಭಯವಿತ್ತೋ, ಎರಡೂ ಇತ್ತೋ, ಕೇಳಬೇಕಿತ್ತು. ಈಗ ಅತ್ತೆ ಇಲ್ಲ.

"ದೊಡ್ಡಮ್ಮ, ಯಾವುದು?" ಎಂದು ಹುಡುಗಿ ಮತ್ತೆ ಕೇಳಿದಳು. ನನಗೆ ಈಗಲೂ ಗೊತ್ತಿಲ್ಲವೆಂದೆ. ಅವಳೇ ನಕ್ಕು ಒಂದನ್ನು ಎತ್ತಿಕೊಂಡಳು. "ಒಂದು ನಿಮಿಷ ಇರು" ಎಂದು ದೇವರ ಮನೆಯಿಂದ ಗಂಧದ ಬಟ್ಟಲು ತಂದೆ. ಮಿಷನ್ನಿನ ಬೆನ್ನಿಗೆ ಹಚ್ಚಿದರೆ ಸಾಕೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಇವಳು ದಾರಿಯಲ್ಲಿ ಒಬ್ಬಳೇ ನಿಲ್ಲಬಾರದು ಎಂದುಕೊಂಡ ಕೂಡಲೇ ಬೆರಳು ಕೊಳವೆಯ ಬಾಯಿಗೇ ಹೋಯಿತು.

ಹಚ್ಚಿದ ಮೇಲೆ ನನ್ನ ಬಳೆಯಿಂದ ಒಂದು ಪಿನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ.