ಔರಾದದ ಹಿತ್ತಲಿನಿಂದ

ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಿಂದ ದುರ್ಬೀನಿನ ತಿರುಪು ತಿರುಗಿಸುವಾಗ ಅಕ್ಕೋರ ಗಲ್ಲಗಳು ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತಿದ್ದವು. ಆಗ ಏನು ಕೇಳಿದರೂ ಬರುತ್ತಿದ್ದುದು ಒಂದು ಹೂಂಕಾರ ಮಾತ್ರ.

ಅಕ್ಕೋರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಔರಾದದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಿವೃತ್ತರಾದೊಡನೆ ದುರ್ಬೀನು, ಕ್ಯಾಮೆರಾ ತರಿಸಿದರು. ಚಂದ್ರ, ಶನಿಯ ಚಿತ್ರಗಳು ಅವರಿಗೆ ಬೇಕಿರಲಿಲ್ಲ. ಮಘಾ ನಕ್ಷತ್ರದ ಮಗ್ಗುಲಲ್ಲೇ ಒಂದು ಪುಟ್ಟ ಗೆಲಾಕ್ಸಿ ಇದೆ. ಮಘೆಯ ಹೊಳಪಿನಲ್ಲಿ ಅದು ಮುಳುಗಿಹೋಗುವುದರಿಂದ ಅದರ ಚಿತ್ರಕ್ಕೆ ಕೈಹಾಕುವವರು ಕಡಿಮೆ. ಅಕ್ಕೋರಿಗೆ ಅದೇ ಬೇಕಿತ್ತು.

ಅಷ್ಟರಲ್ಲಿ ಅವರ ಹಿತ್ತಲಿನ ಹಿಂದೆಯೇ ಬೀದಿದೀಪದ ಎತ್ತರದ ಕಂಬ ಬಂತು. ದೀಪಕ್ಕೊಂದು ಮರೆ ಹಾಕಿಸಿರಿ ಎಂದು ಪಟ್ಟಣ ಪಂಚಾಯತಿಗೆ ಕೇಳಲು ಹೋದರೆ, ಊರೆಲ್ಲ ಬೆಳಕು ಕೇಳುವಾಗ ನೀವೊಬ್ಬರು ಕತ್ತಲು ಕೇಳುತ್ತೀರಲ್ಲ ಎಂದು ನಕ್ಕು ಕಳಿಸಿದರು. ಅಕ್ಕೋರು ಬೀದರ ಬಸ್ಸು ಹತ್ತಿದರು. ಅಲ್ಲಿನ ಕಾಳಿನ ಪೇಟೆ ಗಾಂಧಿ ಗಂಜದಿಂದ ಹಳೆಯ ಗೋಣಿಚೀಲಗಳ ಕಟ್ಟು ತಂದು, ತಾವೇ ದಬ್ಬಳ ಹಿಡಿದು ಹೊಲಿದು, ಬಿದಿರುಗಳಕ್ಕೆ ಕಟ್ಟಿ ಗೋಡೆಯ ಉದ್ದಕ್ಕೂ ನಿಲ್ಲಿಸಿದರು. ಹಿತ್ತಲೆಲ್ಲ ತೊಗರಿಯ ಧೂಳಿನ ವಾಸನೆ. ಆದರೆ ಕತ್ತಲಾಯಿತು.

ಓಣಿಯ ಮಾತು ಭಾಲ್ಕಿಯಲ್ಲಿದ್ದ ಅವರ ಅಣ್ಣನ ಕಿವಿಗೂ ಬಿತ್ತು. ಅವರು ಬಂದು, ಒಂಟಿ ಹೆಂಗಸು ಹೊತ್ತಲ್ಲದ ಹೊತ್ತಿನಲ್ಲಿ ಹಿತ್ತಲಲ್ಲಿ ಕೂರುವುದು ಚೆನ್ನಲ್ಲ, ತಮ್ಮ ಜೊತೆ ಬಂದು ಇರಬೇಕು ಎಂದು ದೊಡ್ಡ ದನಿಯಲ್ಲಿ ಹೇಳಿದರು. ಅಕ್ಕೋರು ಅವರಿಗೆ ಚಹಾ ಕೊಟ್ಟು, "ನನ್ನ ಹಿತ್ತಲದಾಗ ನಾ ಕುಂದರ್ತೇನಿ. ಕೇಳವರಿದ್ರ ನನಗ ಬಂದು ಕೇಳಲಿ" ಎಂದರು.

ನೂರಾರು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿದ ಮೇಲೆ ಮಘೆಯ ಪಕ್ಕದಲ್ಲಿ ಉಸಿರು ತಾಗಿದ ಗಾಜಿನಂಥ ಒಂದು ಮಬ್ಬು ಮೂಡಿತು. ಅದನ್ನು ದೊಡ್ಡ ನಗರವೊಂದರ ಆಕಾಶವೀಕ್ಷಕರ ಗುಂಪಿಗೆ ಕಳಿಸಿದರು. ಇದು ಕ್ಯಾಮೆರಾದೊಳಗಿನ ಕಲೆ ಇರಬೇಕು, ಅಂಥ ಊರಿನಿಂದ ಇದು ಸಿಗುವಂಥದ್ದಲ್ಲ ಎಂದು ಉತ್ತರ ಬಂತು. ನನಗೆ ಅಳು ಬಂತು. ಅಕ್ಕೋರು ಮಾತ್ರ ಪಾಠ ಶುರುಮಾಡಿದರು. ಕ್ಯಾಮೆರಾವನ್ನು ಅಡ್ಡ ತಿರುಗಿಸಿ ಮತ್ತೆ ತೆಗೆಯೋಣ. ಕಲೆಯಾದರೆ ಕ್ಯಾಮೆರಾದ ಜೊತೆ ಅದೂ ತಿರುಗುತ್ತದೆ, ಆಕಾಶದ್ದಾದರೆ ನಕ್ಷತ್ರಗಳ ನಡುವೆ ತನ್ನ ಜಾಗ ಬಿಡುವುದಿಲ್ಲ.

ಮೊದಲಿನಿಂದ ಎಲ್ಲ ಮತ್ತೊಮ್ಮೆ ಮಾಡಿದರು. ಮಬ್ಬು ಜಾಗ ಬಿಡಲಿಲ್ಲ.

ಗುಂಪಿನ ಹಿರಿಯರೇ ಫೋನು ಮಾಡಿ ತಪ್ಪು ಒಪ್ಪಿಕೊಂಡರು. ಚಿತ್ರವನ್ನು ತಮ್ಮ ಜಾಲತಾಣದಲ್ಲಿ ಹಾಕಿದರು. ಕೆಳಗೆ 'ಬೀದರ ಸಮೀಪದಿಂದ' ಎಂದು ಬರೆದಿದ್ದರು. ಅಕ್ಕೋರು ಕೂಡಲೇ ಫೋನು ಹಚ್ಚಿದರು.

"ಸಮೀಪ ಅನ್ನೂದು ಊರಲ್ರಿ. ಔರಾದದ ಹಿತ್ತಲಿನಿಂದ ಅಂತ ಬರೀರಿ."

ಸಂಜೆಯೊಳಗೆ ತಿದ್ದಿದರು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಕಾಯಿಲೆ ಬಹಳ ದಿನ ಕಾಡಲಿಲ್ಲ. ಬಂದವರೆಲ್ಲ ಹೋದ ಮೇಲೆ ಭಾಲ್ಕಿಯ ಅಣ್ಣ ಆ ಚಿತ್ರ ತೋರಿಸೆಂದು ನನ್ನನ್ನು ಕೇಳಿದರು. ಕನ್ನಡಕ ಒರೆಸಿ ಒರೆಸಿ ನೋಡಿದರೂ ಅವರಿಗೆ ಏನೂ ಕಾಣಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟು, "ಇಷ್ಟಕ್ಕ ಇಷ್ಟೆಲ್ಲ ಮಾಡಿದಳೇನು?" ಎಂದರು.

ಹಿರಿಯರ ಎದುರು ನಾನು ಅದುವರೆಗೆ ತಲೆಯೆತ್ತಿ ಮಾತಾಡಿದವಳಲ್ಲ.

"ಹೌದ್ರಿ," ಎಂದೆ, "ಇಷ್ಟಕ್ಕ."