ಮಾವಶಿ ಒಯ್ದದ್ದು

ಮಾವಶಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬಿಸಿನೀರು, ಫಿನೈಲಿನಲ್ಲಿ ಆಡಿದ ಕೈ. ಚರ್ಮ ಬೆಳ್ಳಗೆ ಸುಲಿದು ನುಣ್ಣಗಾಗಿತ್ತು. ಧನಕವಡಿಯ ರೇಷನ್ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟನ್ನು ಗುರುತು ಹಿಡಿಯುತ್ತಲೇ ಇರಲಿಲ್ಲ. ಆಕೆ ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುವಳು. ಹಿಂದೆ ನಿಂತವರು ಮರಾಠಿಯಲ್ಲಿ ಗೊಣಗುವರು. ಆಕೆಗೆ ಅದರ ಗೊಡವೆಯೇ ಇರಲಿಲ್ಲ.

ಪುಣೆಯ ಆಸ್ಪತ್ರೆಗಳಲ್ಲಿ ಆಯಾಗಳನ್ನೆಲ್ಲ ಮಾವಶಿ ಎಂದೇ ಕರೆಯುತ್ತಾರೆ. ಈಕೆ ಗದಗಿನ ಕಡೆಯ ಕ್ರೈಸ್ತಳು. ಕೊರೊನಾದ ಎರಡನೆಯ ವರ್ಷ ನಮ್ಮಪ್ಪ ಸತ್ತ ವಾರ್ಡಿನಲ್ಲಿ ಕೆಲಸಕ್ಕಿದ್ದಳು. ಆಗ ನಾನೂ ಅವ್ವನೂ ಮನೆಯಲ್ಲಿ ಜ್ವರದಿಂದ ಬಿದ್ದಿದ್ದೆವು. ಅಪ್ಪನ ಮುಖ ನೋಡುವುದು ಹಾಗಿರಲಿ, ಹೆಣ ಎಲ್ಲಿ ಹೋಯಿತೆಂದು ತಿಳಿದದ್ದೇ ಮರುದಿನ, ಫೋನಿನಲ್ಲಿ. ನಾವು ಲಿಂಗಾಯತರು. ಸತ್ತವರನ್ನು ಕುಳ್ಳಿರಿಸಿ, ಕೊರಳ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತೇವೆ. ಆದರೆ ಆ ದಿನಗಳಲ್ಲಿ ಯಾರ ಪದ್ಧತಿ ಏನೆಂದು ಕೇಳುವ ವ್ಯವಧಾನ ಯಾರಿಗಿತ್ತು? ಗಾಡಿ ನೇರ ವಿದ್ಯುತ್ ಚಿತಾಗಾರಕ್ಕೆ ಹೋಯಿತು. ಬಾಗಲಕೋಟೆಯಿಂದ ಬಂದು ಜೀವಮಾನವಿಡೀ ಅರಿವೆ ಅಂಗಡಿಯಲ್ಲಿ ನಿಂತ ನಮ್ಮಪ್ಪ ಸುಟ್ಟು ಬೂದಿಯಾದ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾವಶಿ ವಿಳಾಸ ಹುಡುಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ಕೊರಳಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಗುಳಿಗೆಯ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಹತ್ತಿಯ ಮೇಲೆ ಅಪ್ಪನ ಇಷ್ಟಲಿಂಗ. ನನಗೆ ಸಿಟ್ಟು ನೆತ್ತಿಗೇರಿತು. ಜೀವ ಹೋದರೂ ಮೈಯಿಂದ ಅಗಲಬಾರದ್ದು ಅದು. ಇದನ್ನು ಮುಟ್ಟಲು ನೀವ್ಯಾರು ಎಂದು ಬಾಯಿಗೆ ಬಂದಂತೆ ಬೈದೆ. ಆಕೆಯ ಜಾತಿ, ಧರ್ಮ ಯಾವುದನ್ನೂ ಬಿಡಲಿಲ್ಲ. ಆ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆಕೆ ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಮಂದಿಗೆ ಮಣ್ಣು ಅಂತ ನನಗ ಗೊತ್ತದರಿ," ಎಂದಳು. "ಹೇಳಿ ನೋಡಿದೆ, ಯಾರೂ ಕಿವಿಮ್ಯಾಲೆ ಹಾಕ್ಕೊಳ್ಳಲಿಲ್ಲ. ಅವರನ್ನ ಬೆಂಕಿಯಿಂದ ತಪ್ಪಸಲಿಕ್ಕೆ ಆಗಲಿಲ್ಲ. ಇದನ್ನಷ್ಟ ತಪ್ಪಿಸಿದೆ."

ನಾನು ದಡಾರನೆ ಬಾಗಿಲು ಹಾಕಿದೆ. ಅವ್ವ ಎದ್ದು ಬಂದು ತೆರೆದಳು, ಒಳಗೆ ಕರೆದು ಕೂರಿಸಿದಳು. ಕಡೆಗಳಿಗೆಯಲ್ಲಿ ಅವರು ಏನಾದರೂ ಕೇಳಿದರೇನು ಎಂದಷ್ಟೇ ಕೇಳಿದಳು. ನೀರು ಕೇಳಿದರು, ಚಮಚದಿಂದ ಕುಡಿಸಿದೆ, ಮೂರು ಚಮಚ ಒಳಗೆ ಹೋಯಿತು ಎಂದಳು ಮಾವಶಿ. ಅಪ್ಪ ಸತ್ತ ಮೇಲೆ ಅವ್ವ ಅತ್ತದ್ದು ಅಂದೇ ಮೊದಲು.

ಲಿಂಗವನ್ನು ಹೊಳೆಗೆ ಬಿಡಿರೆಂದು ಊರಿನ ಹಿರಿಯರು ಹೇಳಿದರು. ನಾನು ಬಿಡಲಿಲ್ಲ. ಬಿಟ್ಟರೆ ಅಪ್ಪನಿಗಾದದ್ದನ್ನು ಒಪ್ಪಿಕೊಂಡಂತೆ ಎಂಬ ಹಟ. ಡಬ್ಬಿ ಕಪಾಟಿನಲ್ಲಿ ಉಳಿಯಿತು. ಕಪಾಟು ತೆರೆದಾಗಲೆಲ್ಲ ಸಂಕಟ, ಮುಚ್ಚಿದರೂ ಸಂಕಟ.

ಮರುವರ್ಷ ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಳು. ಬೆನ್ನೆಲ್ಲ ಹುಣ್ಣು. ಯಾರಿಂದಲೋ ಸುದ್ದಿ ತಿಳಿದು, ಕರೆಯದೆಯೇ ಮಾವಶಿ ಬಂದಳು; ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಬಂದವಳೇ "ಮೊದಲ ನೀರು" ಎನ್ನುವಳು. ಅವ್ವನ ತುಟಿಗೆ ಒಂದು ಚಮಚ ನೀರು ಮುಟ್ಟಿಸಿದ ಮೇಲೆಯೇ ಹುಣ್ಣು ತೊಳೆಯುವ ಕೆಲಸ. ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದೆ. ಅವ್ವ ಹೋದ ದಿನ ಆಕೆಯ ಮೈ ತೊಳೆದು, ನಮ್ಮವರು ಸೇರುವುದರೊಳಗೆ ಮಾವಶಿ ಸುಮ್ಮನೆ ಹೊರಟುಹೋದಳು. ಅವ್ವನಿಗೆ ಮಣ್ಣು ಸಿಕ್ಕಿತು, ಎಡಗೈಯಲ್ಲಿ ಲಿಂಗವೂ ಇತ್ತು. ಹದಿನೈದು ದಿನ ಕಳೆದು ನಾನೇ ಮಾವಶಿಯನ್ನು ಹುಡುಕಿಕೊಂಡು ಹೋದೆ.

ನಿವೃತ್ತಳಾಗಿದ್ದ ಆಕೆ ಒಂದು ಚರ್ಚಿನ ಹಿಂದಿನ ತಗಡಿನ ಮನೆಯಲ್ಲಿದ್ದಳು. ಅಲ್ಲಿ ಹನ್ನೊಂದು ಮಂಚ, ಫುಟ್‌ಪಾತಿನಿಂದ ಎತ್ತಿ ತಂದ ಹನ್ನೊಂದು ಜೀವ. ಹೆಚ್ಚಿನವರು ಸಾಯಲೆಂದೇ ಬಂದವರು. ನಾನು ಭಾನುವಾರ ಭಾನುವಾರ ಹೋಗತೊಡಗಿದೆ. ಇಷ್ಟೆಲ್ಲ ಹೇಗೆ ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಹಾಸಿಗೆ ಬಟ್ಟೆ ಹಿಂಡುತ್ತಲೇ ಗಂಡನ ಕತೆ ಹೇಳಿದಳು. ಕುಡಿದು ಕುಡಿದು ಹೊಡೆದವನು. ಲಿವರ್ ಕೆಟ್ಟು ಈಕೆಯ ವಾರ್ಡಿಗೇ ಬಂದು ಬಿದ್ದ. ನೀರು ಕೇಳಿದ. ಈಕೆ ಬಕೀಟು ಹಿಡಿದುಕೊಂಡು ಅವನ ಮುಂದೆಯೇ ಹಾದು ಹೋದಳು. ಪಾಳಿ ಮುಗಿಯುವುದರೊಳಗೆ ಅವನು ಸತ್ತಿದ್ದ.

ಆಮೇಲೆ ಎಷ್ಟೋ ವರ್ಷ ಚರ್ಚಿನಲ್ಲಿ ಕೊಡುವ ಪ್ರಭುಭೋಜನದ ರೊಟ್ಟಿಯನ್ನು ಆಕೆ ಮುಟ್ಟಲಿಲ್ಲವಂತೆ. ದೇವರು ಕ್ಷಮಿಸಿದ್ದಾನೆಂದು ಪಾದ್ರಿಗಳು ಹೇಳಿದರೂ ಅದು ಎದೆಗೆ ಇಳಿಯಲಿಲ್ಲವಂತೆ. ಒಂದು ದಿನ ದಿಕ್ಕಿಲ್ಲದ ಮುದುಕನೊಬ್ಬ ಈಕೆಯ ಕೈಯಿಂದ ನೀರು ಕುಡಿದು, ಕೈ ಬಿಡದೆ ಹಾಗೆಯೇ ಪ್ರಾಣ ಬಿಟ್ಟ. ಮುಂದಿನ ಭಾನುವಾರ ಹೋಗಿ ರೊಟ್ಟಿ ತೆಗೆದುಕೊಂಡಳು.

"ಅಂದ್ರ ಅವತ್ತಿಗೆ ಆ ಪಾಪ ತೀರಿತೇನ್ರಿ?" ಎಂದೆ.

"ತೀರಸೂದಲ್ಲ ತಂಗಿ. ನಾ ಏನ್ ತೀರಸ್ಲಿ? ದಿನಾ ಮುಂಜಾನೆ ಅದು ಮತ್ತ ಕಟ್ಟಿ ಹಾಕತದ. ಇವರಿಗೆ ನೀರು ಕುಡಸೂದ್ರಾಗ ಯೇಸುಸ್ವಾಮಿ ಮತ್ತ ಬಿಡಸ್ತಾನ."

ನನಗೆ ಆ ನಂಬಿಕೆ ಬರಲಿಲ್ಲ, ಬರಬೇಕೆಂದು ಆಕೆ ಎಂದೂ ಹೇಳಲಿಲ್ಲ. ಆದರೆ ಮೂಗು ಮುಚ್ಚಿಕೊಳ್ಳುವುದು ಮರೆತುಹೋಯಿತು.

ಕಳೆದ ಮಳೆಗಾಲದಲ್ಲಿ ಆಕೆಯ ಹೊಟ್ಟೆಯೊಳಗೆ ಗಂಟು ಕಾಣಿಸಿತು. ತಾನು ತೊಳೆಯುತ್ತಿದ್ದ ಮಂಚಗಳಲ್ಲೇ ಒಂದರ ಮೇಲೆ ಮಲಗಿದಳು. ಸುಖದ ಸಾವೇನಲ್ಲ ಅದು. ನೋವಿಗೆ ಹಲ್ಲು ಕಚ್ಚಿ ಕಚ್ಚಿ ತುಟಿ ಒಡೆದಿತ್ತು. ಹಗಲೆಲ್ಲ ನಾನು ಚಮಚದಿಂದ ನೀರು ಹಾಕುತ್ತಿದ್ದೆ. ಅರ್ಧ ಹೊರಗೇ ಹರಿಯುತ್ತಿತ್ತು. ಒಂದು ಸಂಜೆ ಕಣ್ಣು ತೆರೆದು, ಅಪ್ಪಾರ ಲಿಂಗ ಇನ್ನೂ ಮನೆಯಲ್ಲೇ ಇದೆಯೇ ಎಂದು ಕೇಳಿದಳು. ಇದೆ ಎಂದೆ.

"ನಾ ಮಣ್ಣಿಗೆ ಹೊಂಟೀನಿ ತಂಗಿ. ಕಳಸೂದಿದ್ರ ಕೊಡ್ರಿ, ಒಯ್ತೀನಿ."

ನಾನು ಚಮಚವನ್ನು ಮತ್ತೆ ನೀರಿಗೆ ಅದ್ದಿದೆ. ಮೂರನೆಯ ದಿನ ಹೋಗಿಬಿಟ್ಟಳು.

ಸ್ಮಶಾನದಲ್ಲಿ ಎಂಟು ಹತ್ತು ಜನ ಇದ್ದೆವು. ಪಾದ್ರಿಗಳು ಮರಾಠಿಯಲ್ಲಿ ಪ್ರಾರ್ಥನೆ ಮಾಡಿದರು. ಒಬ್ಬೊಬ್ಬರಾಗಿ ಕುಣಿಗೆ ಹಿಡಿಮಣ್ಣು ಹಾಕಿದರು. ನನ್ನ ಸರದಿ ಬಂದಾಗ ಬಗ್ಗಿ ಮುಷ್ಟಿ ತುಂಬ ಮಣ್ಣು ಹಿಡಿದೆ. ಅದರೊಳಗೆ ಅಪ್ಪನ ಲಿಂಗವಿತ್ತು. ಪೆಟ್ಟಿಗೆಯ ಮೇಲೆ ಅದು ಬಿದ್ದ ಸದ್ದು ಬೇರೆ ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.

ತಪ್ಪೋ ಸರಿಯೋ, ಹಿರಿಯರನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಮ್ಮಪ್ಪನಿಗೆ ಕಡೆಗೂ ಮಣ್ಣು ಸಿಕ್ಕಿತು.